ಗಾಡಿ ಹೇಗಿದೆ

ಪ್ಲಾಸ್ಟರ್ ರೂಮಿಗೆ ಬಂದವರು ಮೊದಲು ಕೇಳುವುದು
ಕಾಲಿನ ಮಾತಲ್ಲ.
ಮೂಳೆ ಎರಡು ಕಡೆ ಮುರಿದಿದೆ,
ನಾನು ಪ್ಯಾಂಟು ಕತ್ತರಿಸುತ್ತಿದ್ದೇನೆ, ತುಟಿ ಬಿಳಿಚಿದೆ,
ಆದರೂ
'ಮೇಡಂ, ಗಾಡಿ ಹೇಗಿದೆಯಂತೆ?'

ಹದಿನೇಳು ವರ್ಷದಿಂದ ಇದೇ ಪ್ರಶ್ನೆ.
ಬಕೆಟ್ಟಿನಲ್ಲಿ ಪಟ್ಟಿ ಅದ್ದಿ
ಗುಳ್ಳೆ ನಿಲ್ಲುವ ತನಕ ಕಾಯುತ್ತಾ ಹೇಳುತ್ತೇನೆ:
ನಿಮಗಿಂತ ಚೆನ್ನಾಗಿದೆ.
ಸುಳ್ಳು. ನಾನು ನೋಡಿರುವುದಿಲ್ಲ.
ಆ ಒಂದು ಮಾತಿಗೇ ಹಿಮ್ಮಡಿ ಸಡಿಲವಾಗಿ
ಪಾದ ನನಗೆ ಬೇಕಾದ ಕಡೆ ತಿರುಗುತ್ತದೆ.

ಹಿಂದಿನ ಗೇಟಿನ ಬಳಿ
ಕೆಟ್ಟು ನಿಂತ ಆಂಬುಲೆನ್ಸಿನ ನೆರಳಲ್ಲಿ
ನನ್ನದೂ ಒಂದಿದೆ, ತೊಂಬತ್ತೊಂದರ ಯೆಜ್ಡಿ.
ಒದೆಯುವ ಕಡ್ಡಿಯೇ ಹೊರಳಿ ಗೇರಾಗುವ ಜಾತಿ.
ಕಲಾಸಿಪಾಳ್ಯದ ಇನಾಯತ್ ಭಾಯ್ ಕೊಡಿಸುವಾಗ ಹೇಳಿದ್ದ:
'ಬರೀ ಒದ್ದರೆ ಏಳಲ್ಲ ಅಕ್ಕ, ಮಾತಾಡಿಸಿ ಒದಿ.'
ಏನು ಮಾತಾಡಲಿ ಎಂದದ್ದಕ್ಕೆ
'ಅದು ನಿಮ್ಮಿಬ್ಬರಿಗೆ ಬಿಟ್ಟದ್ದು.'

ಅತ್ತಿಗೆ ಕೇಳುತ್ತಾಳೆ:
ವಾರವೆಲ್ಲ ಮುರಿದದ್ದನ್ನೇ ನೋಡಿ
ಭಾನುವಾರ ಅದನ್ನೇ ಹತ್ತುತ್ತೀಯಲ್ಲ, ಬುದ್ಧಿ ಇದೆಯಾ?
ಇದೆ. ಎಡಗೈಯ ಎರಡು ಬೆರಳಲ್ಲಿದೆ, ಕ್ಲಚ್ಚಿನ ಮೇಲೆ.
ಮಿಕ್ಕ ಕಡೆಯೆಲ್ಲ, ಪುಣ್ಯಕ್ಕೆ, ಇಲ್ಲ.
ಹೆಲ್ಮೆಟ್ಟಿನೊಳಗೆ ಯಾರೂ ನನ್ನನ್ನು ಸಿಸ್ಟರ್ ಎನ್ನುವುದಿಲ್ಲ,
ಗಾಜು ಇಳಿಸಿದರೆ ಅಳುವುದೂ ಹಾಡುವುದೂ
ಹೊರಗಿನವರಿಗೆ ಒಂದೇ.

ಮಾಗಡಿ ರೋಡ್ ಟೋಲ್‌ಗೇಟಿನಲ್ಲಿ, ಬೆಳಗಿನ ನಾಲ್ಕೂವರೆಗೆ,
ಸೋಫಾ ಹೊಲಿಯುವ ಸೆಲ್ವಂ,
ಜರಿ ಅಂಗಡಿಯ ಪಾರಸ್,
ಇನ್ನೂ ಮೂರು ಜನ, ಒಂದೇ ಸಿಗರೇಟು.
ಯಾರು ಏನು ಕೆಲಸ ಮಾಡುತ್ತಾರೆಂದು ತಿಳಿಯಲು
ನನಗೆ ಎರಡು ವರ್ಷ ಬೇಕಾಯಿತು.
ಯಾವ ಆಯಿಲ್ ಹಾಕುತ್ತಾರೆಂದು ಮೊದಲ ದಿನವೇ ಗೊತ್ತು.
'ನೀವು ಯಾವ ಕಡೆ ಜನ' ಎಂದು
ಈ ಊರಿನಲ್ಲಿ ನನ್ನನ್ನು ಕೇಳದಿರುವವರು
ಇವರಷ್ಟೇ ಇರಬೇಕು.

ನಿಯಮವೆಂದರೆ ಇಷ್ಟು:
ದಾರಿಯಲ್ಲಿ ಯಾರ ಗಾಡಿ ನಿಂತಿದ್ದರೂ ನಿಲ್ಲಬೇಕು,
ಉಚ್ಚೆಗೆ ನಿಂತಿದ್ದರೂ ಸರಿ, ಕೇಳಿಯೇ ಹೋಗಬೇಕು.
ಎಲ್ಲರಿಗಿಂತ ಚೆನ್ನಾಗಿ ಓಡಿಸುವವರು
ಎಲ್ಲರಿಗಿಂತ ಹಿಂದೆ ಬರಬೇಕು.

ಹಾಗೆ ಹಿಂದೆ ಬರುತ್ತಿದ್ದರು ದೊರೆಸ್ವಾಮಿ ಮೇಷ್ಟ್ರು.
ತಾವರೆಕೆರೆ ಬಳಿ, ಲೈಟಿಲ್ಲದ ಟ್ರ್ಯಾಕ್ಟರ್.
ಅವರು ನನ್ನ ರೂಮಿಗೆ ಬರಲಿಲ್ಲ,
ನೇರ ಹಿಂದಿನ ಕಟ್ಟಡಕ್ಕೆ ಹೋದರು.
ಹದಿನಾರು ದಿನ ನಾನು ಬೀಗದ ಕೈ ಮುಟ್ಟಲಿಲ್ಲ.
ಹದಿನೇಳನೆಯ ದಿನ,
ಬ್ಯಾಟರಿ ಸತ್ತೀತೆಂಬ ನೆಪ.

ಮೊನ್ನೆ ಬಂದವನು ತಿಪ್ಪೇಶ,
ಊಟ ತಲುಪಿಸುವ ಹುಡುಗ, ಎಡ ಮಣಿಕಟ್ಟು.
ಗಾಡಿ ಹೇಗಿದೆ ಎಂದು ಅವನು ಕೇಳಲಿಲ್ಲ.
ಎಷ್ಟು ದಿನಕ್ಕೆ ಓಡಿಸಬಹುದು, ಕಂತು ಹನ್ನೆರಡನೇ ತಾರೀಖು, ಎಂದ.
ಇವನಿಗೆ ಗಾಡಿ ಎತ್ತು, ಅಷ್ಟೇ,
ಶೋಕಿಯೆಲ್ಲ ನಮ್ಮಂಥ ಭಾನುವಾರದವರಿಗೆ,
ಅಂದುಕೊಂಡು ಸುತ್ತುತ್ತಿದ್ದೆ.

ಪಟ್ಟಿ ಬಿಸಿಯಾಗತೊಡಗಿತು. ಆಗ ಅವನಾಗಿಯೇ:
'ಕೊನೇ ಆರ್ಡರ್ ಮುಗಿಯೋದು ರಾತ್ರಿ ಎರಡಕ್ಕೆ ಮೇಡಂ.
ಆಮೇಲೆ ಲಾಲ್‌ಬಾಗ್ ಗೋಡೆ ಸುತ್ತ ಒಂದು ರೌಂಡ್ ಹೊಡೀತೀನಿ.
ಮರದ ವಾಸನೆ ಬರುತ್ತೆ.
ಬೆನ್ನ ಮೇಲಿನ ಡಬ್ಬ ಖಾಲಿ.
ಯಾರೂ ಕರೆದಿರಲ್ಲ. ಯಾರಿಗೂ ಏನೂ ತಲುಪಿಸಬೇಕಾಗಿರಲ್ಲ.
ಪೆಟ್ರೋಲು ನನ್ನದೇ ದುಡ್ಡು.'
ಕದ್ದದ್ದು ಒಪ್ಪಿಕೊಂಡವನ ಹಾಗೆ ನೆಲ ನೋಡಿದ.

ಹೊರಗೆ ಉಳಿಸಿದ ಬೆರಳುಗಳಲ್ಲಿ
ಎರಡನ್ನು ಮಡಚಿದ, ಬಿಟ್ಟ.
ಮತ್ತೆ ಮಡಚಿದ.
ನೋಯ್ತಿದೆಯಾ, ಎಂದೆ.
'ಇಲ್ಲ ಮೇಡಂ,
ಎರಡನೇ ಗೇರು.'