ಎರಡು ತೂತು

ನಕಾಶಿ ಹಡಗಿನಾಗ ಬಂದಿತ್ತಂತ.
ಮೇಣಬಟ್ಟೆ ಬಿಚ್ಚಿ ರೈಲ್ವೆ ಸಾಹೇಬ
ಚೂಪು ಕಮಾನಿನ ಮ್ಯಾಲ ಬೆರಳಿಟ್ಟು
ಇದು ನಿಮಗ ಹೊಸದು, ಅಂದನಂತ.

ಗೌಂಡಿ ಲಾಡ್ಲೇಸಾಬ ಮೀಸ್ಯಾಗ ನಕ್ಕ.
ಕಲಬುರಗಿ ಗುಂಬಜಗಳ ಬಿರುಕಿಗೆ
ಗಚ್ಚು ತುಂಬಿದ ಮನೆತನ ಅವಂದು;
ಬಹಮನಿ ಕಮಾನಿನ ನೆರಳಾಗ
ಬುತ್ತಿ ಬಿಚ್ಚಿ ಬೆಳೆದ ಹುಡುಗ.
ಅಂಗಳದ ಪರ್ಸಿಗೆ ಎರಡು ತೂತು ಕೊರೆದು
ಗೂಟ ಹೊಡೆದು, ದಾರ ಎಳೆದು
ಸುಣ್ಣದ ಗೆರಿ ಎರಡು ತಿರುವಿದ.
ಮ್ಯಾಲ ಹೋಗಿ ಕೂಡಿದವು.
ಸಾಹೇಬ ಕಾಗದ ಸುತ್ತಿಟ್ಟ.

ಮಾಡಿನದೊಂದೇ ತಿಳೀಲಿಲ್ಲ ಅವಗ:
ಇಷ್ಟ್ಯಾಕ ಇಳಿಜಾರು?
ಬರ್ಫ ಜಾರಲಿಕ್ಕ.
ಬರ್ಫ ಮ್ಯಾಲಿಂದ ಬೀಳ್ತದೇನ್ರಿ?
ಸಾಹೇಬ ಶಹಾಬಾದ ಖಣಿ ಕಡೆ ನೋಡಿದ,
ಸುಮ್ಮನಾದ.

ಗಿರ್ಜಾದ ಗ್ವಾಡಿಗೆ ಹಿತ್ತಾಳಿ ಫಲಕದ.
ಸಾಹೇಬನ ಹೆಸರದ,
ಅವನ ಎಂಟು ತಿಂಗಳ ಮಗಳ ಹೆಸರದ,
ಕಾಲರಾ ಅಂತನೂ ಅದ.
ಲಾಡ್ಲೇಸಾಬಂದಿಲ್ಲ.
ಆ ತೂತಿನಾಗ ಹುಡುಗರು ಗೋಲಿ ಆಡ್ತಾವ.

ಐತವಾರ ಗಂಟಿ ಹೊಡೆಯೋಕ್ಕಿಂತ ಮೊದಲು
ಮಾರ್ಥಾಬಾಯಿ ಮೆಟ್ಟಿಲು ಗುಡಿಸ್ತಾಳ.
ಖಣಿಯ ಬಿಳಿ ಧೂಳು ರಾತ್ರೆಲ್ಲ ಬಿದ್ದು
ಮಾಡಿನ ಮ್ಯಾಲಿಂದ ಮೆತ್ತಗ ಜಾರ್ತದ.
ನಕಾಶಿ ಬರದವ ಬಂದು ಗುಡಿಸಲಿ, ಅಂತಾಳ,
ಸೆರಗಿಲೆ ಮೂಗು ಮುಚ್ಚಿ.