ಆದರ್ಶೀಕರಿಸು (ಕ್ರಿ.)

ಒಂಬತ್ತನೇ 'ಬಿ'ಯ ಹುಡುಗಿ ಎದ್ದು ನಿಂತು,
"ಹಂಗಂದ್ರೇನು ಮಿಸ್?"
ನಿಘಂಟು ತೆಗೆದೆ. ಆದರ್ಶ: ಮೊದಲ ಅರ್ಥ,
ಕನ್ನಡಿ.
ಅಷ್ಟರಲ್ಲಿ ಗಂಟೆ ಹೊಡೆಯಿತು.

ಸಂಜೆ, ಚಿಂತಾಮಣಿಯ ಗಾಜಿನಂಗಡಿ.
ನನ್ನ ಬೀರುವಿನ ಕನ್ನಡಿಯನ್ನು ಬೆನ್ನಿಗೆ ತಿರುಗಿಸಿ
ಬಾಬಾಜಾನ್ ಸಾಬರು
"ಕಲಾಯಿ ಎದ್ದಿದೆ ಮೇಡಂ," ಉಗುರಲ್ಲಿ ಕೆರೆದರು.
ಕೆರೆದಷ್ಟಗಲ ನನ್ನ ಹಣೆ ಹೋಗಿ
ಅಲ್ಲಿ ಅವರ ಬೆರಳು,
ಟೊಮೆಟೊ ಕ್ರೇಟು ಹೇರಿದ ಟೆಂಪೊ,
ಬೀಡಿ ಹಚ್ಚಲು ಗಾಳಿಗೆ ಬೆನ್ನು ಕೊಟ್ಟ ಯಾರೋ.

ಹನ್ನೊಂದು ವರ್ಷ, ಬೈರೆಡ್ಡಿ,
ನಿನ್ನನ್ನೇ ನೋಡುತ್ತಿದ್ದೇನೆ ಅಂದುಕೊಂಡಿದ್ದೆ.
ನಿನ್ನಲ್ಲಿ
ಎಷ್ಟು ಚೆನ್ನಾಗಿ ಕಂಡೆ ನಾನು!

"ಹೊಸದಾಗಿ ಬಳಿಸಿಕೊಡಲಾ?"
ತಡೀರಿ ಅಂದೆ.
ಆ ತೂತಿಗೆ ಕಣ್ಣಿಟ್ಟು
ಇನ್ನೊಂದಿಷ್ಟು ಹೊತ್ತು
ಆಚೆ ನೋಡಿದೆ. ಬೀಡಿ ಇನ್ನೂ
ಹೊತ್ತಿರಲಿಲ್ಲ.