ಉಳಿದದ್ದು ಗೆರೆ

ಟ್ರಂಕಿನ ತಳಕ್ಕೆ ಹಾಸಿದ್ದ ಹಳೇ ಪೇಪರು ಕಿತ್ತಾಗ
ಪೇಪರಿನ ಜೊತೆಗೇ ಎದ್ದು ಬಂತು ಫೋಟೋ.
ಹಿಂಬದಿಗೆ ಸ್ಟುಡಿಯೋದ ನೇರಳೆ ಮೊಹರು,
ಊರಿನ ಹೆಸರಲ್ಲಿ ಗೆದ್ದಲು ತಿನ್ನದೆ ಬಿಟ್ಟದ್ದು
ಎರಡೇ ಅಕ್ಷರ:
ಗೆರೆ.

ಮೂಡಿಗೆರೆಯೋ, ತಾವರೆಗೆರೆಯೋ, ನಮ್ಮ ದಾವಣಗೆರೆಯೋ.
ಚಿಕ್ಕಪ್ಪ ಹಾಲೇಶಿ ಕನ್ನಡಕ ಹಣೆಗೇರಿಸಿ
"ದುರ್ಗದ ಕೋಟೆ ಇದು, ಹಿಂದೆ ಕಲ್ಲು ಕಾಣಲ್ವೇನು?
ಒಂದ್ಸಲ ಎಲ್ಲಾ ಹೋಗಿದ್ರಂತೆ, ನಾನಿನ್ನೂ ಹುಟ್ಟಿರ್ಲಿಲ್ಲ" ಅಂದ.
ಹುಟ್ಟದೇ ಇದ್ದವನ ಸಾಕ್ಷಿ!
ಕೋಟೆಯ ಕಲ್ಲು ಕಲ್ಲಿಗೇ ಕಚ್ಚಿ ಕೂತಿರುತ್ತೆ.
ಇಲ್ಲಿ ಸಂದುಸಂದಿಗೂ ಗಾರೆಯ ಪಟ್ಟಿ,
ಗೋಡೆಯ ನೆತ್ತಿಗೆ ಒಡೆದ ಬಾಟಲಿಯ ಗಾಜು.
ಯಾವ ನಾಯಕ ನೆಟ್ಟಾನು ಗಾಜು?

ಮೂರು ಜನ, ಒಂದು ಸೈಕಲ್ಲು.
ಅಪ್ಪ ಹುಟ್ಟಿದ್ದು ನಯಾಪೈಸೆ ಬಂದ ವರ್ಷ.
ಇಲ್ಲಿ ಬೋಳುತಲೆಯಲ್ಲಿ ನಗುತ್ತಾನೆ, ಮೇಲಿನೆರಡು ಹಲ್ಲಿಲ್ಲ.
ಸೈಕಲ್ಲಿಗೆ ಮುನಿಸಿಪಾಲಿಟಿಯ ಬಿಲ್ಲೆ,
ಅದರ ಮೇಲೆ ಕಂದಾಯ ಕಟ್ಟಿದ ವರ್ಷ: ಅರವತ್ತ...
ಮೂರೋ, ಆರೋ.
ಕನ್ನಡದ ಅಂಕಿಯಲ್ಲಿ ಅವೆರಡರ ಜಗಳ ಬಾಲದ್ದೇ,
ಆ ಬಾಲದ ಮೇಲೇ ಫೋಟೋ ಮಡಿಚಿಕೊಂಡಿದೆ.
ಒಂಬತ್ತು ವರ್ಷದ ಹುಡುಗ ಹೀಗೆ ಬೊಚ್ಚುಬಾಯಲ್ಲಿ ನಗಲಾರ.
ಆರು ವರ್ಷದವನು ನಗುತ್ತಾನೆ.
ಹಾಗಾಗಿ ಮೂರು.

ಅವನ ಮುಷ್ಟಿಯಲ್ಲಿ ಮಂಡಕ್ಕಿ ಪೊಟ್ಟಣ,
ಮೇಲೆ ಇಣುಕಿದೆ ಮೆಣಸಿನಕಾಯಿಯ ತೊಟ್ಟು.
ಬರೀ ದಿನ ಆ ಮನೆಯಲ್ಲಿ ಯಾರು ಕೊಡಿಸುತ್ತಿದ್ದರು?
ಅವತ್ತು ಬಟವಾಡೆ.
ತಾತ ಆಗ ಎರಡು ವರ್ಷ ಹಾಸಿಗೆ ಹಿಡಿದಿದ್ದ,
ಇದಕ್ಕೆ ಎಲ್ಲರ ಒಪ್ಪಿಗೆ ಇದೆ.
ಮತ್ತೆ ಯಾರ ಬಟವಾಡೆ,
ಇದನ್ನು ಯಾರೂ ಕೇಳಿಕೊಂಡಿಲ್ಲ.

ನಡುವೆ ಅಜ್ಜಿ, ದುಗ್ಗಮ್ಮ.
ತಲೆತುಂಬ ಬಿಳಿ ಚುಕ್ಕೆ.
ಬೂಷ್ಟು ಅಂದುಕೊಂಡು ಭೂತಗನ್ನಡಿ ಹಿಡಿದೆ.
ಬೂಷ್ಟಾದರೆ ಗೋಡೆಗೂ ಹಿಡಿಯಬೇಕು, ಅಪ್ಪನ ಬೋಳಿಗೂ.
ಇದು ಅವಳ ಕೂದಲಿಗಷ್ಟೇ, ಹುಬ್ಬಿಗಷ್ಟೇ,
ಹೆಗಲ ಸೆರಗಿನ ಅಂಚಿಗೆ ಒಂದಿಷ್ಟು.

"ನಮ್ಮವ್ವ ಹೊಸಿಲು ದಾಟಿದೋಳಲ್ಲ."
ನರ್ಸಿಂಗ್ ಅರ್ಜಿ ತುಂಬಿಟ್ಟುಕೊಂಡು ಕೂತಿದ್ದ ನನಗೆ
ಅಪ್ಪ ಹೇಳಿದ ಮಾತು.
ಆ ಅರ್ಜಿಯ ತಾರೀಖನ್ನು
ನನಗೆ ಯಾರೂ ಗುರುತಿಸಿ ಕೊಡಬೇಕಿಲ್ಲ.

ಸೋದರತ್ತೆ ಕೆಂಚಮ್ಮನ ಮನೆಗೆ ಹೋದೆ.
ಫೋಟೋದಲ್ಲಿ ಎಡಕ್ಕೆ, ಮೂಗು ಒರೆಸಿಕೊಳ್ಳುತ್ತಿರುವವಳು.
ತೊಡೆಯ ಮೇಲಿಟ್ಟೆ.
"ಎಲ್ಲೀದತ್ತೆ?"
"ಏನ್ ಗೊತ್ತು."
"ಮಿಲ್ ಗೇಟಲ್ವಾ?"
"ಯಾವ ಮಿಲ್ಲು? ನಮ್ಮವ್ವ ಯಾಕ್ ಹೋಗ್ತಾಳೆ ಮಿಲ್ಲಿಗೆ?
ನಮ್ಮ ಮನೆತನದಾಗೆ ಅಂಥದ್ದಿಲ್ಲ"
ಅನ್ನುತ್ತಿದ್ದ ಹಾಗೇ
ಅವಳ ಹೆಬ್ಬೆರಳೂ ತೋರುಬೆರಳೂ ಜೋಡಿಯಾಗಿ
ಅಜ್ಜಿಯ ತಲೆಯಿಂದ
ಒಂದೊಂದೇ ಅರಳೆಯ ಎಳೆ ಆಯತೊಡಗಿದವು,
ಹೇನು ಹೆಕ್ಕುವಷ್ಟು ಜೋಪಾನವಾಗಿ,
ಆಯ್ದದ್ದನ್ನು ಪಕ್ಕದ ನೆಲಕ್ಕೆ ಒರೆಸುತ್ತಾ,
ಮತ್ತೆ ಆಯುತ್ತಾ.
ಕಾಗದದಿಂದ ಏನೂ ಕಳಚಿ ಬರಲಿಲ್ಲ.
ಅವಳು ತನ್ನ ಕೈ ನೋಡಿಕೊಂಡಳು.
ನಾನು ಕಿಟಕಿ ನೋಡಿದೆ.

ಎಷ್ಟೋ ಹೊತ್ತಿನ ಮೇಲೆ,
"ಸೈಕಲ್ ನಮ್ದಲ್ಲ" ಅಂದಳು.
"ಫೋಟೋ ತೆಗೆದೋನ್ದು. ಬ್ಯಾಡ ಅಂದ್ರೂ ನಿಲ್ಲಿಸ್ದ.
ತಲೆ ಕೊಡವಿಕೊಳ್ಳಾಕೂ ಬಿಡ್ಲಿಲ್ಲ ಮೂಳ.
ಚಾ ಕುಡಿತೀಯಾ?"

ವಾಪಸು ಬರುವಾಗ ಸಿಟಿ ಬಸ್ಸಲ್ಲಿ ಪೆನ್ಸಿಲ್ ತೆಗೆದೆ.
ಗೆದ್ದಲಿನ ತೂತುಗಳ ನಡುವೆ ಜಾಗ ನೋಡಿ
'ಗೆರೆ'ಗೆ ಮುಂಚೆ 'ದಾವಣ' ಸೇರಿಸಿದೆ.
ಹಂಪು ಬಂದು 'ಣ' ಸೊಟ್ಟಗಾಯಿತು, ಇರಲಿ.
ಕೆಳಗೆ: ೧೯೬೩, ಬಟವಾಡೆಯ ಸಂಜೆ.
ಎಡದಿಂದ ಕೆಂಚಮ್ಮ.
ದುಗ್ಗಮ್ಮ, ಆಗಷ್ಟೇ ಕೆಲಸ ಬಿಟ್ಟು ಬಂದವಳು.
ಹಲ್ಲಿಲ್ಲದವನು ನಮ್ಮಪ್ಪ.